ನಲ್ಲಿರಂಧ್ರ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಅದರ ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥಕ್ಕೆ ಅಧಿಕಾರಿ, ಸ್ವಂತ ಡ್ರಿಲ್ಲಿಂಗ್ ಮಿಷನ್ ಉಳ್ಳ ಗೃಹಸ್ಥ. ‘ಭಾನುವಾರ ಖಂಡಿತ ಬರ್ತೀನಿ ಸಾರ್’ ಎಂದ ಪ್ಲಂಬರ್‌ಗಾಗಿ ಕಾದೂ ಕಾದೂ ಅವನಲ್ಲಿ ವೈರಾಗ್ಯ ಹುಟ್ಟಿರಬೇಕು. ವಿಷಯ, ಪಿಂಗಾಣಿ ವಾಷ್ ಬೇಸಿನ್‌ಗೆ ಎರಡನೆಯ ನಲ್ಲಿಯ ತೂತು. ಸಂಬಂಧ, ಗೋಡೆಯಿಂದ ಹೊರಗೆ ಬಂದು ಡಮ್ಮಿ ಹಾಕಿಸಿಕೊಂಡು ಕೂತಿರುವ ಸೋಲಾರ್ ಪೈಪು. ಪ್ರಯೋಜನ, ಚಳಿಗಾಲದಲ್ಲಿ ಬಿಸಿನೀರಿನಿಂದ ಮುಖ ತೊಳೆಯುವುದು. ಮೋಕ್ಷ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಬೇಸಿನ್ ಎರಡು ಹೋಳಾದರೆ ಮಾತ್ರ ಅದಕ್ಕೆ ಹತ್ತಿರದ ನಿಶ್ಶಬ್ದವೊಂದು ಮನೆಯಲ್ಲಿ ನೆಲೆಸುತ್ತದೆ.

ಇನ್ನು ಪೂರ್ವಪಕ್ಷಗಳು. ಮೊದಲನೆಯದು ಪ್ಲಂಬರ್ ಸಂಪ್ರದಾಯದ್ದು. ‘ಒಂದೇ ಏಟು ಸಾರ್, ಚಕ್ ಅಂತ ಬಿದ್ದೋಗತ್ತೆ’ ಎಂಬುದು ಅವರ ಮೂಲಸೂತ್ರ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎಷ್ಟೋ ಬೇಸಿನ್‌ಗಳ ಅಡಿಯಲ್ಲಿ ಕೈಯಾಡಿಸಿದರೆ ಮುಕ್ಕಾಲು ಕೊರೆದು ಬಿಟ್ಟ ಗುಳಿಯೊಂದು ಬೆರಳಿಗೆ ಸಿಗುತ್ತದೆ. ಕಂಪನಿಯವರೇ ಮುಂದಾಲೋಚನೆಯಿಂದ ಇಟ್ಟದ್ದು. ಅಂಥ ಕಡೆ ಹೊಳಪಿರುವ ಮೇಲ್ಮೈಯಿಂದ, ಸಣ್ಣ ಸುತ್ತಿಗೆಯಿಂದ, ನಡುವಿನಿಂದ ಅಂಚಿನ ಕಡೆಗೆ ಕುಟುಕುತ್ತ ಬಂದರೆ ತೂತು ತೆರೆದುಕೊಳ್ಳುತ್ತದೆ. ಮೇಲಿನಿಂದಲೇ ಏಕೆ? ಗಡುಸಾದ, ಪೆಡಸಾದ ವಸ್ತುವಿಗೆ ಒಂದು ಬಿಂದುವಿನಲ್ಲಿ ಏಟು ಬಿದ್ದರೆ ಬಿರುಕು ಒಳಗೆ ಹೋಗುತ್ತ ಹೋಗುತ್ತ ಶಂಕುವಿನಂತೆ ಅಗಲವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೈನ್‌ರಿಶ್ ಹರ್ಟ್ಸ್ ಗಮನಿಸಿದ ಈ ಶಂಕುವಿಗೆ ಅವನ ಹೆಸರೇ ನಿಂತಿದೆ. ಮೇಲಿನಿಂದ ಹೊಡೆದರೆ ಚಕ್ಕೆ ಏಳುವುದು ಅಡಿಯಲ್ಲಿ, ಅಲ್ಲಿ ನೋಡುವವರು ಹಲ್ಲಿ ಮತ್ತು ಪ್ಲಂಬರ್ ಇಬ್ಬರೇ. ಅಡಿಯಿಂದ ಹೊಡೆದರೆ ಚಕ್ಕೆ ಏಳುವುದು ಮೇಲೆ, ಅಲ್ಲಿ ನೋಡುವವರು ಬೀಗರು. ಹೀಗೆ ಸುತ್ತಿಗೆ ಪಂಥದ ಅರ್ಧಭಾಗ ಗ್ರಾಹ್ಯ. ‘ಒಂದೇ ಏಟು’ ಎಂಬ ಭಾಗ ಮಾತ್ರ ಪ್ರಕ್ಷಿಪ್ತವೆಂದು ವಿದ್ವಾಂಸರ ಅಭಿಪ್ರಾಯ.

ಎರಡನೆಯದು ಅಂಗಡಿಯವರ ಮತ: ಹಳೆಯದನ್ನು ಎಸೆದು ಎರಡು ತೂತಿನ ಹೊಸ ಬೇಸಿನ್ ಕೊಳ್ಳಿ. ಈ ವಾದ ಹೇಳುವವರ ಲಾಭ ಎದ್ದು ಕಾಣುವುದರಿಂದ ಖಂಡನೆ ಅನಾವಶ್ಯಕ.

ಮೂರನೆಯದು ಮನೆಯಾಕೆಯ ಮತ: ‘ಇರೋ ತೂತಿಗೇ ಒಂದು ಮಿಕ್ಸರ್ ಹಾಕಿಸಿದ್ರೆ ಬಿಸೀದು ತಣ್ಣಂದು ಎರಡೂ ಬರಲ್ವೇನ್ರೀ?’ ಸಿಂಗಲ್ ಲಿವರ್ ಮಿಕ್ಸರ್‌ಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು ಬೇಕು, ಇರುವ ತೂತು ಅಷ್ಟಿದ್ದರೆ ಈ ಗ್ರಂಥವೇ ಬೇಕಿಲ್ಲ. ಈ ವಾದಕ್ಕೆ ತಕ್ಕ ಉತ್ತರವನ್ನು ಗ್ರಂಥ ವಿಸ್ತಾರಭಯದಿಂದ ಇಲ್ಲಿ ಕೈಬಿಟ್ಟಿದೆ.

ಈಗ ಪ್ರಮಾಣ ವಿಚಾರ. 1812ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ಕಲ್ಲುಗಳಿಗೆಲ್ಲ ಒಂದರಿಂದ ಹತ್ತರವರೆಗೆ ಅಂತಸ್ತು ಕಟ್ಟಿಕೊಟ್ಟ. ಯಾರು ಯಾರ ಮೈ ಗೀರಬಲ್ಲರು ಎಂಬುದಷ್ಟೇ ಅಲ್ಲಿನ ನ್ಯಾಯ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಬೆಣಚು 7, ವಜ್ರ 10. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನೇ ಹಿಡಿದದ್ದು ಜಾಣತನ. ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಗಳನ್ನು ಕಲಸಿ ಸುಮಾರು 1200 ಡಿಗ್ರಿಯಲ್ಲಿ ಸುಟ್ಟ ಬೇಸಿನ್ನಿನ ಗಾಜಿನಂಥ ಹೊಳಪು 6ರ ಆಸುಪಾಸಿನದು. ಕಬ್ಬಿಣಕ್ಕೆ ಹಾಕುವ ಉಕ್ಕಿನ ಬಿಟ್ ಅದರ ಮೇಲೆ ಜಾರುತ್ತದೆ, ಕಿರುಚುತ್ತದೆ, ತುದಿ ನೀಲಿಯಾಗುತ್ತದೆ, ಒಂದು ಗೀರು ಬಿಟ್ಟು ಸಾಯುತ್ತದೆ. ಗೋಡೆಗೆ ಹಾಕುವ ಬಿಟ್ ಗಡುಸೇನೋ ಹೌದು. ಆದರೆ ಅದರ ಕುಲಧರ್ಮ ಹ್ಯಾಮರ್ ಮೋಡ್. ಪೆಡಸು ವಸ್ತುಗಳು ಮುರಿಯುವುದು ಅವುಗಳ ಮೈಮೇಲಿನ ಕಣ್ಣಿಗೆ ಕಾಣದ ಬಿರುಕುಗಳಿಂದ ಎಂದು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿದ. ಹ್ಯಾಮರ್ ಮೋಡ್ ಅಂಥ ಬಿರುಕುಗಳನ್ನು ನಿಮಿಷಕ್ಕೆ ಸಾವಿರಗಟ್ಟಲೆ ಸಲ ಮಾತಾಡಿಸಿ ಎಬ್ಬಿಸುತ್ತದೆ. ಆ ಗುಂಡಿಯನ್ನು ಮೊದಲೇ ಆಫ್ ಮಾಡಿಡುವುದು ನಿತ್ಯಕರ್ಮ.

ಅಳತೆಯ ಪ್ರಕರಣದಲ್ಲಿ ಅದ್ವೈತಿಗಳಿಗೆ ಮೇಲುಗೈ. ಅರ್ಧ ಇಂಚಿನ ನಲ್ಲಿ ಎಂಬುದು ವ್ಯಾವಹಾರಿಕ ಸತ್ಯ ಮಾತ್ರ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಆದರೆ ಅರ್ಧ ಇಂಚಿನ ಪಿಲ್ಲರ್ ಕಾಕ್ ಹಿಡಿದು ಅದರ ತಿರುಪಿನ ಹೊರಗಾತ್ರವನ್ನು ಅಳೆದರೆ ಬರುವುದು ಸುಮಾರು 21. ಹಳೆಯ ಕಬ್ಬಿಣದ ಪೈಪುಗಳ ಒಳಗಾತ್ರಕ್ಕೆ ಇಟ್ಟ ಹೆಸರು ಇಂದಿಗೂ ಉಳಿದಿದೆ, ಗಾತ್ರ ಹೋಗಿದೆ. ಹೆಸರು ನಂಬಿ 13ರ ಬಿಟ್ ತಂದವನಿಗೆ ಮಾಯೆಯ ಅನುಭವ ಹಾರ್ಡ್‌ವೇರ್ ಅಂಗಡಿಯ ಎರಡನೆಯ ಪ್ರಯಾಣದಲ್ಲಿ ಆಗುತ್ತದೆ. ಎರಡನೆಯ ನಲ್ಲಿಗೆ 25ರ ಡೈಮಂಡ್ ಬಿಟ್ ಸಾಕು, ಅಂಚನ್ನು ನಲ್ಲಿಯ ಬುಡವೇ ಮುಚ್ಚುತ್ತದೆ.

ಸ್ಥಳ ನಿರ್ಣಯಕ್ಕೆ ಬೇಲೂರಿನ ಐತಿಹ್ಯವೇ ಆಧಾರ. ಶಿಲ್ಪಿ ಜಕಣಾಚಾರಿಯ ವಿಗ್ರಹದಲ್ಲಿ ದೋಷವಿದೆ ಎಂದ ಡಂಕಣ ಮೈಗೆಲ್ಲ ಗಂಧ ಹಚ್ಚಿಸಿದ. ಹೊಕ್ಕುಳ ಬಳಿ ಮಾತ್ರ ಅದು ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರಿನ ಜೊತೆ ಕಪ್ಪೆ ಹೊರಬಂತು ಎಂದು ಜನ ಹೇಳುತ್ತಾರೆ. ಕಪ್ಪೆ ಚೆನ್ನಿಗರಾಯ ಅಲ್ಲಿ ಇಂದಿಗೂ ಇದ್ದಾನೆ. ವಾಷ್ ಬೇಸಿನ್ನಿನ ಹೊಟ್ಟೆಯಲ್ಲೂ ಇಂಥದೊಂದು ಪೊಳ್ಳು ಇರುತ್ತದೆ. ನೀರು ತುಂಬಿ ಚೆಲ್ಲದಿರಲೆಂದು ಮೇಲಂಚಿನ ಬಳಿ ಇರುವ ಸಣ್ಣ ಕಂಡಿಯಿಂದ ಕೆಳಗಿನ ವೇಸ್ಟ್‌ವರೆಗೆ ಹೋಗುವ ಒಳಗಾಲುವೆ ಅದು. ಬಿಟ್ ಅದರೊಳಗೆ ಇಳಿದರೆ ಕಪ್ಪೆ ಬರುವುದಿಲ್ಲ, ಬದಲಿಗೆ ಮುಂದೆ ಎಂದೆಂದೂ ನೀರು ಸೋರುತ್ತದೆ. ಕಂಡಿಯೊಳಗೆ ತೆಳು ತಂತಿ ತೂರಿಸಿ ಕಾಲುವೆ ಎತ್ತ ಹೋಗುತ್ತದೆಂದು ನೋಡಿ, ಅಡಿಯಲ್ಲಿ ದಪ್ಪ ಏಣು ಅಥವಾ ಬ್ರಾಕೆಟ್ ಅಡ್ಡ ಬರುವುದೇ ಎಂದೂ ತಡಕಿದ ಮೇಲೆಯೇ ಪೆನ್ಸಿಲ್ ಗುರುತು.

ಇನ್ನು ಸಿದ್ಧಾಂತ. ಪಿಂಗಾಣಿಯನ್ನು ಕೊರೆಯುತ್ತೇವೆ ಎಂಬುದೇ ಭ್ರಾಂತಿ. ಡೈಮಂಡ್ ಬಿಟ್‌ಗೆ ಹಲ್ಲುಗಳೇ ಇಲ್ಲ. ಒಂದು ಟೊಳ್ಳು ಕೊಳವೆ, ಅದರ ಬಾಯಂಚಿಗೆ ಮೆತ್ತಿದ ವಜ್ರದ ಪುಡಿ, ಇಷ್ಟೇ. ಅದು ಗಂಧ ತೇಯುವ ಕೆಲಸ. ಒತ್ತಿದರೆ ಬೇಗ ಆಗುವುದಿಲ್ಲ, ನೀರಿಲ್ಲದೆ ಆಗುವುದೇ ಇಲ್ಲ. ಗಾಳಿಯಲ್ಲಿ ಸುಮಾರು 700–800 ಡಿಗ್ರಿಗೆ ಏರಿದರೆ ವಜ್ರವೇ ಸುಟ್ಟುಹೋಗತೊಡಗುತ್ತದೆ. ಗುಜರಾತಿನ ಖಂಭಾತದ ಮಣಿಕಾರರಿಗೆ ಇದು ಮೊದಲೇ ಗೊತ್ತು. ಬೇಸಿನ್ನಿಗಿಂತ ಗಡುಸಾದ ಅಗೇಟ್ ಮಣಿಗಳಿಗೆ ಅವರು ಬಿಲ್ಲು ಬೈರಿಗೆಯಿಂದ ತೂತು ಮಾಡುವಾಗ ತುದಿಯಲ್ಲಿ ಎರಡು ಚೂರು ವಜ್ರ, ಮೇಲಿನಿಂದ ತೊಟ್ಟಿಕ್ಕುವ ನೀರು. ಕರೆಂಟಿನ ಹಂಗೇ ಇಲ್ಲ.

ಕರೆಂಟಿನ ಮಾತು ಬಂದದ್ದರಿಂದ ಹಾಸ್ಯ ಬಿಟ್ಟು ಒಂದು ವಾಕ್ಯ: ನೀರು ನಿಂತ ಕಡೆ 230 ವೋಲ್ಟಿನ ಡ್ರಿಲ್ ಹಿಡಿಯಬೇಡಿ, ಬ್ಯಾಟರಿ ಡ್ರಿಲ್ ಬಾಡಿಗೆಗಾದರೂ ತನ್ನಿ. ಕಣ್ಣಿಗೆ ಕನ್ನಡಕವೂ ಬೇಕು, ಓದುವ ಕನ್ನಡಕವಲ್ಲ.

ಪ್ರಯೋಗ ವಿಧಿ. ಬೇಸಿನ್ನನ್ನು ಬ್ರಾಕೆಟ್‌ನಿಂದ ಇಳಿಸಿ ಹಳೆಯ ಹಾಸಿಗೆಯ ಮೇಲೆ ಮಲಗಿಸಿ, ತೂತಿನ ಜಾಗದ ಅಡಿಗೆ ಮರದ ತುಂಡು ಒತ್ತುಕೊಡಬೇಕು. ಬಿಟ್‌ಗೆ ನಡುಮೊನೆ ಇಲ್ಲದ್ದರಿಂದ ನೇರ ಇಟ್ಟರೆ ಬೇಸಿನ್ ತುಂಬ ಓಡಾಡುತ್ತದೆ. ಆದ್ದರಿಂದ ಮೊದಲು ಓರೆಯಾಗಿ ಹಿಡಿದು ಬಿದಿಗೆ ಚಂದ್ರನಷ್ಟು ಗೆರೆ ಮೂಡಿಸಿ, ನಿಧಾನವಾಗಿ ನೆಟ್ಟಗೆ ಮಾಡಿದರೆ ಹುಣ್ಣಿಮೆಯಾಗುತ್ತದೆ. ಆಮೇಲೆ ಸುತ್ತ ಚಪಾತಿ ಹಿಟ್ಟಿನ ಕಟ್ಟೆ ಕಟ್ಟಿ ಚಮಚದಿಂದ ನೀರು ತುಂಬಬೇಕು. (ಹಿಟ್ಟು ಕಲಸಿಕೊಡಿ ಎಂದು ಕೇಳುವಾಗ ಮೂರನೆಯ ಮತವನ್ನು ಮತ್ತೆ ಕೇಳಿಸಿಕೊಳ್ಳಬೇಕಾಗಿ ಬರಬಹುದು.) ಒಂದನೇ ಗೇರ್, ಮಿಷನ್ನಿನ ಸ್ವಂತ ತೂಕಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತಡ. ನೀರು ಮೊದಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿ ಆಮೇಲೆ ಗಟ್ಟಿಯಾಗುತ್ತದೆ. ಬಟ್ಟೆಯಿಂದ ಒರೆಸಿ ಹೊಸ ನೀರು ಹಾಕಿ. ಆ ಬಿಳಿ ಕೆಸರಿನಲ್ಲಿ ಬೆಣಚಿನ ಪುಡಿ ಇದೆ, ಒಣಗಿ ಹಾರಿ ಎದೆಗೆ ಹೋಗುವುದು ಒಳ್ಳೆಯದಲ್ಲ. ಕೊನೆಗೆ ಗುಂಯ್ ಎನ್ನುತ್ತಿದ್ದ ಸದ್ದು ಟೊಳ್ಳಾಗುತ್ತದೆ, ಕಟ್ಟೆಯ ನೀರು ತಾನೇ ಇಳಿದುಹೋಗುತ್ತದೆ. ಆಗ ಕೈ ಹಗುರ ಮಾಡಬೇಕು. ಈ ಗಳಿಗೆಯಲ್ಲೇ ‘ಆಯ್ತಲ್ಲ’ ಎಂದು ಒತ್ತಿದವರ ಬೇಸಿನ್‌ಗಳು ಗುಜರಿಯಲ್ಲಿವೆ. ಒಳಗಿನ ಬಿಲ್ಲೆ ಬಿಟ್‌ನೊಳಗೆ ಸಿಕ್ಕಿಕೊಂಡಿರುತ್ತದೆ, ಹಿಂದಿನ ಕಂಡಿಯಿಂದ ಮೊಳೆ ಹಾಕಿ ತಳ್ಳಿ.

ಇಷ್ಟಾದ ಮೇಲೂ ಬೇಸಿನ್ ಒಡೆಯಲು ಒಂದು ಅವಕಾಶ ಉಳಿದಿರುತ್ತದೆ, ಅದು ಚೆಕ್‌ನಟ್. ಮೇಲೊಂದು ಕೆಳಗೊಂದು ರಬ್ಬರ್ ವಾಷರ್ ಇಟ್ಟು ನಟ್ಟನ್ನು ಕೈಯಲ್ಲೇ ಬಿಗಿಮಾಡಿ, ಸ್ಪ್ಯಾನರ್‌ನಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಅಷ್ಟು ಹೊತ್ತಿಗೆ ಪ್ಲಂಬರ್ ಬಂದು ‘ಇನ್ನೊಂದು ಸುತ್ತು ಕೊಡಿ ಸಾರ್’ ಎಂದರೆ ಟೀ ಕೊಟ್ಟು ವರಾಂಡದಲ್ಲಿ ಕೂರಿಸಿ.