ಹೈದರಾಬಾದಿನ ಲಸಿಕಾ ರಸೀದಿ: ಪಾಠ, ಕಾಲ ಮತ್ತು ಕರ್ತೃ ವಿಚಾರ

ಪಂಪನ ತಂದೆ ಭೀಮಪ್ಪಯ್ಯ, ತಾಯಿ ಅಬ್ಬಣಬ್ಬೆ ಎಂದು ನಮಗೆ ಗೊತ್ತಾಗಿರುವುದು ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಒಂದು ಬಂಡೆಯಿಂದ. ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಕೆತ್ತಿಸಿಟ್ಟ ಆ ಶಾಸನ ಸಾವಿರ ವರ್ಷದ ಮಳೆಗಾಳಿಗೆ ಮೈಯೊಡ್ಡಿಯೂ ಓದಲು ಸಿಗುತ್ತದೆ. ಅದೇ ತೆಲಂಗಾಣದಲ್ಲಿ 2021ನೆಯ ಇಸವಿಯಲ್ಲಿ ಲೆಕ್ಕವಿಲ್ಲದಷ್ಟು ಪ್ರತಿಗಳಲ್ಲಿ ಹೊರಬಿದ್ದ ಇನ್ನೊಂದು ಸಾಹಿತ್ಯ, ಅಂದರೆ ಕೋವಿಡ್ ಲಸಿಕೆಯ ರಸೀದಿ ಮತ್ತು ಅದರ ದಾಯಾದಿಯಾದ ಆಸ್ಪತ್ರೆ ಬಿಲ್ಲು, ಥರ್ಮಲ್ ಕಾಗದದ ಮೇಲೆ ಅಚ್ಚಾದ ಪಾಪಕ್ಕೆ ಈಗಾಗಲೇ ಅರ್ಧ ಅಳಿಸಿಹೋಗಿದೆ. ಪೂರ್ತಿ ಅಳಿಯುವ ಮುನ್ನ ಅದನ್ನು ಪರಿಷ್ಕರಿಸಿ ಲೋಕಕ್ಕೆ ಒಪ್ಪಿಸುವುದು ಹೈದರಾಬಾದಿನ ಕಾಚಿಗುಡದ ಕನ್ನಡಿಗರ ಹೊಣೆಯೆಂದು ಬಗೆದು ಈ ಪ್ರಬಂಧವನ್ನು ಕೈಗೊಳ್ಳಲಾಗಿದೆ. ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರದ ನೆರೆಯಲ್ಲಿದ್ದುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ?

ಪರಿಷ್ಕರಣಕ್ಕೆ ಮೂರು ಪ್ರತಿಗಳು ಒದಗಿದವು. ‘ಕ’ ಪ್ರತಿ ಕಾಚಿಗುಡದ್ದು, ಸಂಪಾದಕನ ಮನೆಯದೇ. ಅಂಚನ್ನು ಹುಳು ತಿಂದಿದೆ, ಒಟ್ಟು ಮೊತ್ತವನ್ನು ಮಾತ್ರ ಬಿಟ್ಟಿದೆ. ‘ಹ’ ಪ್ರತಿ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಹುಡುಗನೊಬ್ಬನ ಮೊಬೈಲಿನಲ್ಲಿ ಪಿಡಿಎಫ್ ರೂಪದಲ್ಲಿದೆ. ಅತ್ಯಂತ ಶುದ್ಧವಾದ ಪ್ರತಿ ಎನ್ನುತ್ತಾನೆ, ಪಾಸ್‌ವರ್ಡ್ ಮರೆತಿದ್ದಾನೆ. ‘ಬ’ ಪ್ರತಿ ಬೀದರದ್ದು. ನಿಜಾಮರ ರಾಜ್ಯ 1948ಕ್ಕೇ ಮುಗಿದಿದ್ದರೂ ಬೀದರ, ಕಲಬುರ್ಗಿ, ರಾಯಚೂರು ಕಡೆಯ ಜನಕ್ಕೆ ದೊಡ್ಡ ಜಡ್ಡು ಬಂದರೆ ಇಂದಿಗೂ ಹೈದರಾಬಾದಿನ ದವಾಖಾನೆಯೇ ದಿಕ್ಕು. ಹಾಗೆ ಎರಡನೆಯ ಅಲೆಯಲ್ಲಿ ಬಂದು, ಐಸಿಯು ಕಂಡು, ಗೆದ್ದು ಹೋದ ಬೀಗರೊಬ್ಬರ ಬಿಲ್ಲು ಇದು. ಗಾತ್ರದಲ್ಲೂ ಗಾಂಭೀರ್ಯದಲ್ಲೂ ಮಹಾಕಾವ್ಯ. ಅಷ್ಟಾದಶ ವರ್ಣನೆಗಳಲ್ಲಿ ಚಂದ್ರೋದಯ ಇಲ್ಲ. ಜಲಕ್ರೀಡೆಯ ಜಾಗದಲ್ಲಿ ಮಿನರಲ್ ವಾಟರ್ ಇದೆ.

ಪ್ರಾಚೀನ ಆಕರಗಳು

ಹೈದರಾಬಾದಿಗೂ ರೋಗದ ಲೆಕ್ಕಪತ್ರಕ್ಕೂ ಇರುವ ನಂಟು ಹಳೆಯದು. ಪ್ಲೇಗು ತೊಲಗಿದ ನೆನಪಿಗೆ ಮಹಮ್ಮದ್ ಕುಲಿ ಕುತುಬ್ ಶಾ 1591ರಲ್ಲಿ ಚಾರ್ಮಿನಾರ್ ಕಟ್ಟಿಸಿದನೆಂಬುದು ಊರ ಮಾತು, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಒಪ್ಪುವುದಾದರೆ, ಮಹಾಮಾರಿಯ ಬಾಕಿ ಸಂದಾಯವಾದದ್ದಕ್ಕೆ ಕೊಟ್ಟ ರಸೀದಿಗಳಲ್ಲಿ ನಾಲ್ಕು ಮಿನಾರುಳ್ಳದ್ದು ಇದೊಂದೇ ಎನ್ನಬೇಕಾಗುತ್ತದೆ. ಸಂಪಾದಕನು ನಾಲ್ಕೂ ಮುಖಗಳನ್ನು ಪರೀಕ್ಷಿಸಿದ್ದಾನೆ. ಜಿಎಸ್‌ಟಿ ಸಂಖ್ಯೆ ಎಲ್ಲೂ ಕಾಣಲಿಲ್ಲ.

ಮುಂದೆ 1888-89ರಲ್ಲಿ ಇದೇ ಊರಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದ. ಕ್ಲೋರೋಫಾರ್ಮ್ ಹೆಚ್ಚಾದರೆ ಮೊದಲು ನಿಲ್ಲುವುದು ಉಸಿರೋ ಎದೆಬಡಿತವೋ ಎಂಬುದು ಪ್ರಶ್ನೆ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ತನ್ನ ಪ್ರತಿನಿಧಿಯನ್ನು ಕಳಿಸಲೆಂದು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡು ಕೊಟ್ಟ. ನಾಯಿಗಳ ಮೇಲೆ ಪ್ರಯೋಗ ನಡೆದು, ಮೊದಲು ನಿಲ್ಲುವುದು ಉಸಿರೇ ಎಂದು ಆಯೋಗ ತೀರ್ಪಿತ್ತಿತು. ಬಿಲ್ಲು ಕೈಗೆ ಬಂದಾಗ ಮೊದಲು ನಿಲ್ಲುವುದು ಯಾವುದೆಂಬ ಬಗ್ಗೆ ಅಂಥದೇ ಆಯೋಗವೊಂದು ಕೂರಬೇಕಾಗಿತ್ತು. ಕೂರಲಿಲ್ಲ, ಈಗಿನವರಲ್ಲಿ ಸಾವಿರ ಪೌಂಡು ಕೊಡುವ ನಿಜಾಮರಿಲ್ಲ.

ಆದರೆ ನಮ್ಮ ಅಧ್ಯಯನಕ್ಕೆ ಕಿರೀಟಪ್ರಾಯವಾದ ಆಕರ ಬೇಗಂಪೇಟೆಯದು. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಕಂಡದ್ದು ಅಲ್ಲಿ. 1902ರಲ್ಲಿ ಅದಕ್ಕೆ ನೊಬೆಲ್ ಬಂತು. ಆ ಸೊಳ್ಳೆಗೆ ರಕ್ತ ಉಣಿಸಿದವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿಸಿಕೊಂಡ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ರಾಸ್ ಅವನಿಗೆ ಹಣ ಕೊಟ್ಟ. ವಿದ್ವಾಂಸರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದರ ಮೊದಲೇ ಗೊತ್ತು. ಎಷ್ಟು ಸೊಳ್ಳೆ ಕಚ್ಚಿತೆಂದು ಕೊಡುವವನಿಗೂ ಗೊತ್ತು, ಪಡೆಯುವವನಿಗೂ ಗೊತ್ತು. ಸೊಳ್ಳೆಯ ಮೇಲೆ ಸೇವಾಶುಲ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಣ ವೈದ್ಯನ ಕಿಸೆಯಿಂದ ರೋಗಿಯ ಕಿಸೆಗೆ ಹೋಗಿದೆ. ಈ ಕೊನೆಯ ವಿವರದಿಂದಾಗಿ ಇಡೀ ಪ್ರಸಂಗವೇ ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ್ದು) ಇರಬೇಕೆಂದು ಆಸ್ಪತ್ರೆಯೊಂದರ ಕೌಂಟರಿನ ಹುಡುಗಿ ಅಭಿಪ್ರಾಯಪಟ್ಟಳು. ಅವಳ ಅನುಭವಕ್ಕೆ ಬೆಲೆ ಕೊಡಬೇಕಾಗುತ್ತದಾದರೂ ದಾಖಲೆ ನಮ್ಮ ಕಡೆ ಇದೆ.

ಪಾಠಭೇದ

ಲಸಿಕೆಯ ಜನ್ಮಸ್ಥಾನದ ಬಗ್ಗೆ ವಿವಾದವಿಲ್ಲ. ಕೊವ್ಯಾಕ್ಸಿನ್ ಹುಟ್ಟಿದ್ದು ಶಾಮೀರ್‌ಪೇಟೆಯಾಚೆ, ತುರ್ಕಪಲ್ಲಿಯ ಜೀನೋಮ್ ವ್ಯಾಲಿಯಲ್ಲಿ, ಭಾರತ್ ಬಯೋಟೆಕ್‌ನಲ್ಲಿ. 2021ರ ಜನವರಿ 3ರಂದು ಅದಕ್ಕೆ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು, 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ರಷ್ಯಾದ ಸ್ಪುಟ್ನಿಕ್ ಭಾರತದ ಮಾರುಕಟ್ಟೆಗೆ ಕಾಲಿಟ್ಟದ್ದೂ ಇಲ್ಲೇ, ಡಾ. ರೆಡ್ಡೀಸ್ ಕೈಹಿಡಿದು, ಆ ವರ್ಷದ ಮೇ 14ರಂದು. ಮಕ್ಕಳಿಗೆ ಬಂದ ಕೊರ್ಬೆವ್ಯಾಕ್ಸ್ ಕೂಡ ಈ ಊರಿನ ಬಯಲಾಜಿಕಲ್ ಇ ಸಂಸ್ಥೆಯದು. ಲಸಿಕೆಗೆ ತವರಾದ ಊರಿನಲ್ಲಿ ಲಸಿಕೆಯ ಬೆಲೆ ಒಂದೇ ಇದ್ದೀತೆಂದು ಎಳೆಯರು ಊಹಿಸಬಹುದು. ಮೂಲ ಒಂದೇ ಆದಲ್ಲಿ ಪಾಠಗಳು ಹಲವಾಗುತ್ತವೆಂಬುದು ನಮ್ಮ ಶಾಸ್ತ್ರದ ಅ ಆ ಇ ಈ.

2021ರ ಮಾರ್ಚ್ 1ರಿಂದ ಖಾಸಗಿ ಆಸ್ಪತ್ರೆಯಲ್ಲಿ ಒಂದು ಡೋಸಿಗೆ 250 ರೂಪಾಯಿ: ಲಸಿಕೆಗೆ 150, ಸೇವೆಗೆ 100. ಇದನ್ನು ಆದಿಪಾಠ ಎನ್ನೋಣ. ಮೇ 1ರ ಹೊಸ ನೀತಿಯೊಂದಿಗೆ ಅದೇ ಕೊವ್ಯಾಕ್ಸಿನ್ ಸೀಸೆಗೆ ಮೂರು ಪಾಠಗಳು ಹುಟ್ಟಿಕೊಂಡವು. ಕೇಂದ್ರ ಪಾಠ 150. ರಾಜ್ಯ ಪಾಠ ಮೊದಲು 600 ಎಂದು ಘೋಷಿತವಾಗಿ, ಗದ್ದಲವಾದ ಮೇಲೆ 400ಕ್ಕೆ ತಿದ್ದಲ್ಪಟ್ಟಿತು. ಖಾಸಗಿ ಪಾಠ 1200. ಇವುಗಳಲ್ಲಿ ಕವಿಯ ಸ್ವಹಸ್ತದ್ದು ಯಾವುದು? ಗ್ರಂಥಸಂಪಾದನಶಾಸ್ತ್ರದಲ್ಲಿ ಒಂದು ಸೂತ್ರವಿದೆ: ಎರಡು ಪಾಠಗಳಲ್ಲಿ ಕಠಿಣವಾದದ್ದೇ ಮೂಲಪಾಠ, ಸುಲಭವಾದದ್ದು ಲಿಪಿಕಾರನ ಕೈವಾಡ. ಈ ಸೂತ್ರದಂತೆ 1200 ಮೂಲಪಾಠವೆಂದು ಸಂಪಾದಕನು ನಿರ್ಧರಿಸಿ, ಟಿಪ್ಪಣಿ ಬರೆದು, ಅಚ್ಚಿಗೂ ಕಳಿಸಲಿದ್ದನು. ಅಷ್ಟರಲ್ಲಿ 2022ರ ಏಪ್ರಿಲ್ 9 ಬಂತು. ಮರುದಿನದಿಂದ ಹದಿನೆಂಟು ದಾಟಿದವರೆಲ್ಲ ಖಾಸಗಿಯಲ್ಲಿ ಮುನ್ನೆಚ್ಚರಿಕೆ ಡೋಸ್ ಪಡೆಯಬಹುದೆಂದಿದ್ದಾಗ, ಕಂಪನಿಯೇ ತನ್ನ ಲಸಿಕೆಯ ಬೆಲೆ 225 ಎಂದು ಸಾರಿತು. ಅಂದರೆ ಒಂದೇ ದಿನದಲ್ಲಿ 975 ರೂಪಾಯಿ ಪ್ರಕ್ಷಿಪ್ತವೆಂದು ಸ್ವತಃ ಕವಿಯೇ ಒಪ್ಪಿಕೊಂಡಂತಾಯಿತು. ಕನ್ನಡದ ಯಾವ ಕಾವ್ಯದಲ್ಲೂ ಐದರಲ್ಲಿ ನಾಲ್ಕು ಪಾಲು ಪ್ರಕ್ಷೇಪ ಪತ್ತೆಯಾದ ಉದಾಹರಣೆ ಇಲ್ಲ.

ನಡುವೆ 2021ರ ಜೂನ್ 8ರಂದು ಸರಕಾರ ಖಾಸಗಿ ದರಕ್ಕೆ ಮಿತಿ ಹಾಕಿ ಒಂದು ಪ್ರಮಾಣಪಾಠ ಹೊರಡಿಸಿತ್ತು. ಕೋವಿಶೀಲ್ಡ್ 780, ಕೊವ್ಯಾಕ್ಸಿನ್ 1410, ಸ್ಪುಟ್ನಿಕ್ 1145. ಪದವಿಭಾಗ ಹೀಗೆ: ಲಸಿಕೆಯ ಬೆಲೆ, ಅದರ ಮೇಲೆ ಶೇಕಡಾ 5 ಜಿಎಸ್‌ಟಿ, ಕೊನೆಗೆ ಸೇವಾಶುಲ್ಕ 150. ಮೊದಲೆರಡು ಪದಗಳಿಗೆ ಅರ್ಥವಿದೆ. ಆರೋಗ್ಯ ಸೇವೆಗೆ ತೆರಿಗೆಯಿಲ್ಲ, ಆರೋಗ್ಯ ತುಂಬಿದ ಸೀಸೆಗೆ ತೆರಿಗೆಯಿದೆ ಎಂಬ ಸೂಕ್ಷ್ಮವನ್ನು ಜೂನ್ 12ರಂದು ಜಿಎಸ್‌ಟಿ ಮಂಡಳಿಯೂ ಎತ್ತಿಹಿಡಿಯಿತು. (ಇದೇ ಪರಂಪರೆ ಬೆಳೆದು 2022ರ ಜುಲೈನಲ್ಲಿ, ದಿನಕ್ಕೆ 5000 ರೂಪಾಯಿ ಮೀರಿದ ಆಸ್ಪತ್ರೆ ಕೋಣೆಗೆ ತೆರಿಗೆ ಬಂತು, ಐಸಿಯುಗೆ ಮಾತ್ರ ವಿನಾಯಿತಿ. 5000ದ ತನಕ ಮಲಗಿದವನು ರೋಗಿ, 5001ರಿಂದ ಆಚೆ ಅತಿಥಿ, ಪ್ರಜ್ಞೆ ತಪ್ಪಿದರೆ ಮತ್ತೆ ರೋಗಿ.)

ಸೇವಾಶುಲ್ಕ ಎಂಬ ಪದವೇ ಕಗ್ಗಂಟು. ಈ 150ರಲ್ಲಿ ಒಂದು ಸಿರಿಂಜು, ಚೂರು ಹತ್ತಿ, ‘ಹಾಥ್ ಢೀಲಾ ಛೋಡೋ’ (ಕೈ ಸಡಿಲ ಬಿಡಿ) ಎಂಬ ಒಂದು ವಾಕ್ಯ, ಆಮೇಲೆ ಅರ್ಧ ಗಂಟೆ ಕೂರಲು ಕುರ್ಚಿ ಇಷ್ಟು ಅಡಕವಾಗಿತ್ತು. ‘ಕ’ ಪ್ರತಿಯಲ್ಲಿ ಇದರ ಕೆಳಗೆ ‘ನೋಂದಣಿ’, ‘ಸೋಂಕು ನಿಯಂತ್ರಣ’ ಎಂಬ ಎರಡು ಸಾಲು ಬೇರೆ ಇವೆ. ಇವು ಬೇರೊಬ್ಬ ಲಿಪಿಕಾರನವು. ಮಸಿಯ ಬಣ್ಣದಿಂದಲ್ಲ, ಧೈರ್ಯದಿಂದ ತಿಳಿಯುತ್ತದೆ.

ಸರಕಾರಿ ಆರೋಗ್ಯ ಕೇಂದ್ರದ ಸೊನ್ನೆ ರೂಪಾಯಿ ಪಾಠವನ್ನು ಇಲ್ಲಿ ಕೈಬಿಟ್ಟರೆ ಅನ್ಯಾಯವಾದೀತು. ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಡೋಸು. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಹಾಗಾಗಿ ಒಂಬತ್ತು ಜನ ಬೆಂಚಿನ ಮೇಲೆ ಕೂತು ಹತ್ತನೆಯವನಿಗಾಗಿ ಗೇಟು ನೋಡುತ್ತಿದ್ದರು. ಬಂದವನನ್ನು ಮದುಮಗನ ಹಾಗೆ ಬರಮಾಡಿಕೊಳ್ಳುತ್ತಿದ್ದರು. ಅಲ್ಲಿ ಇದೇ ಸಿರಿಂಜು, ಇದೇ ಹತ್ತಿ, ಇದೇ ವಾಕ್ಯ. ರಸೀದಿ ಮಾತ್ರ ಇರಲಿಲ್ಲ. ಆದ್ದರಿಂದ ನಮ್ಮ ಶಾಸ್ತ್ರದ ಮಟ್ಟಿಗೆ ಅಂಥ ಲಸಿಕೆ ನಡೆದೇ ಇಲ್ಲ. ಪ್ರಮಾಣಪತ್ರವಿದೆಯಲ್ಲ ಎಂದು ಪೂರ್ವಪಕ್ಷ ಬರಬಹುದು. ಅದರಲ್ಲಿ ಆಗ ಇದ್ದದ್ದು ಪ್ರಧಾನಮಂತ್ರಿಗಳ ಭಾವಚಿತ್ರ, ಚುಚ್ಚಿಸಿಕೊಂಡವನದಲ್ಲ. ದಾನಶಾಸನಗಳಲ್ಲೂ ರಾಜಪ್ರಶಸ್ತಿಯೇ ಮೊದಲು ಬರುವುದರಿಂದ ಇದರಲ್ಲಿ ಹೊಸತೇನೂ ಇಲ್ಲ.

‘ಬ’ ಪ್ರತಿಯ ಪ್ರಕ್ಷೇಪಗಳೇ ಬೇರೆ ಸಂಪುಟವಾಗಬೇಕು. ಇಲ್ಲಿ ದಿಕ್ಸೂಚಿ ಮಾತ್ರ. 2021ರ ಜೂನ್ 22ರ ತೆಲಂಗಾಣ ಸರಕಾರದ ಆದೇಶದಂತೆ ಖಾಸಗಿಯಲ್ಲಿ ವಾರ್ಡಿಗೆ ದಿನಕ್ಕೆ 4000, ಐಸಿಯುಗೆ 7500, ವೆಂಟಿಲೇಟರ್ ಸಹಿತ 9000. ಎದೆಯ ಎಚ್‌ಆರ್‌ಸಿಟಿಗೆ 1995. ಪಿಪಿಇ ಕಿಟ್ಟು ಒಂದಕ್ಕೆ 273. ದರ ಶುದ್ಧವಾಗಿದೆ, ಸಂಖ್ಯೆಯ ಬಗ್ಗೆ ಗ್ರಂಥ ಮೌನ. ಒಬ್ಬ ನರ್ಸಮ್ಮ ಒಂದೇ ಕಿಟ್ಟು ತೊಟ್ಟು ಆರು ಮಂಚಗಳಿಗೆ ಹೋದಳೆನ್ನಿ. ಆ ಕಿಟ್ಟು ಆರು ಚೂರಾಗಿ ಆರು ಬಿಲ್ಲಿಗೆ ಹೋಗುತ್ತದೆಯೇ, ಆರು ಕಿಟ್ಟಾಗಿ ಹೋಗುತ್ತದೆಯೇ? ಅದ್ವೈತಿಗಳು ಕಿಟ್ಟು ಒಂದೇ, ಕಾಣುವುದು ಆರು ಎನ್ನುತ್ತಾರೆ. ದ್ವೈತಿಗಳ ಪ್ರಕಾರ ಆರೂ ಸತ್ಯ, ಭೇದವೂ ಸತ್ಯ. ಆಸ್ಪತ್ರೆಗಳು ಯಾವ ಮತದವೆಂದು ಹೇಳಬೇಕಾಗಿಲ್ಲ.

ವಿಮಾ ಕಂಪನಿಗಳದು ಚಾರ್ವಾಕ ಪಂಥ: ಕಣ್ಣಿಗೆ ಕಂಡದ್ದನ್ನೂ ಒಪ್ಪುವುದಿಲ್ಲ. ವಿಮೆಯಲ್ಲಿ ಸಾಮಾನ್ಯವಾಗಿ ಹಣ ಹುಟ್ಟದ 68 ವಸ್ತುಗಳ ಪಟ್ಟಿಯೊಂದನ್ನು ನಿಯಂತ್ರಣ ಪ್ರಾಧಿಕಾರವೇ ಕೊಟ್ಟಿದೆ. ಕೈಗವಸು, ಮಾಸ್ಕು, ಥರ್ಮಾಮೀಟರು, ಟಿವಿ ಬಾಡಿಗೆ, ಜೆರಾಕ್ಸು, ಮಿನರಲ್ ವಾಟರ್ ಎಲ್ಲ ಅದರಲ್ಲಿವೆ. ಮಾಸ್ಕಿಲ್ಲದೆ ಹೊರಗೆ ಬಂದರೆ ದಂಡ ಬೀಳುತ್ತಿದ್ದ ಕಾಲದಲ್ಲಿ ಐಸಿಯು ಒಳಗಿನ ಮಾಸ್ಕು ಐಚ್ಛಿಕ ಭೋಗವಾಗಿತ್ತೆಂಬುದನ್ನು ಸಮಾಜಶಾಸ್ತ್ರಜ್ಞರು ಗಮನಿಸಲಿ. ಆ ಪಟ್ಟಿಯ ಎರಡು ಸೂತ್ರಗಳು ಭಾಷ್ಯಕ್ಕೆ ಯೋಗ್ಯ. ಒಂದು, ಒಳಗೇನಿದೆಯೆಂದು ಹೇಳದ ಯಾವುದೇ ಕಿಟ್ಟಿಗೆ ಹಣವಿಲ್ಲ. ಇನ್ನೊಂದು, ಶುಶ್ರೂಷಾ ಶುಲ್ಕ ಹಾಕಿದ ಮೇಲೆ ಮತ್ತೆ ಸೇವಾಶುಲ್ಕ ಹಾಕಿದ್ದರೆ ಅದಕ್ಕೆ ಹಣವಿಲ್ಲ. ಯಾವನೋ ಸಜ್ಜನ ಎಲ್ಲೋ ಒಂದು ಕಡೆ ಹದಿನೇಳು ಪುಟದ ಬಿಲ್ಲನ್ನು ಪೂರ್ತಿ ಓದಿದ್ದಾನೆಂಬುದಕ್ಕೆ ಇದು ಆಂತರಿಕ ಸಾಕ್ಷ್ಯ. ಬೀಗರು ಓದಲಿಲ್ಲ. ‘ರೋಗ ಇಳೀತು ಬಿಡ್ರೀ, ಕಾಗದ ಇಳೀವಲ್ದು’ ಎಂದು ಬೀದರ ಬಸ್ಸು ಹತ್ತಿದರು.

ಕಾಲನಿರ್ಣಯ

ರಸೀದಿಯ ಕಾಲ ಅದರ ಮೇಲೇ ಅಚ್ಚಾಗಿರುತ್ತದೆ. ತೊಡಕಿರುವುದು ಎರಡನೆಯ ಡೋಸಿನ ಕಾಲದಲ್ಲಿ. ಕೋವಿಶೀಲ್ಡ್‌ನ ಅಂತರ ಮೊದಲು 4ರಿಂದ 6 ವಾರ, 2021ರ ಮಾರ್ಚ್‌ನಲ್ಲಿ 6ರಿಂದ 8, ಮೇ 13ರಂದು 12ರಿಂದ 16. ಕಾದಷ್ಟೂ ಗುರಿ ಹಿಂದೆ ಸರಿಯಿತು. ಪಂಪ ಹುಟ್ಟಿದ್ದು 902 ಎಂದು ಕೂತಲ್ಲೇ ಹೇಳಬಲ್ಲ ಸಂಪಾದಕನಿಗೆ ತನ್ನ ಎರಡನೆಯ ಸೂಜಿ ಯಾವ ತಿಂಗಳಲ್ಲಿ ಎಂದು ಹೇಳಲಾಗಲಿಲ್ಲ. ಈ ವಿಷಯ ಇಷ್ಟಕ್ಕೆ ಸಾಕು.

ಕರ್ತೃವಿಚಾರ

ಬಿಲ್ಲನ್ನು ಬರೆದವರು ಯಾರು? ಕ್ಷೇತ್ರಕಾರ್ಯಕ್ಕೆಂದು ‘ಬ’ ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಸಂಪಾದಕನು ಅದು ಹುಟ್ಟಿದ ಆಸ್ಪತ್ರೆಗೆ ಹೋದನು. ಕೌಂಟರಿನವಳು ‘ಸಿಸ್ಟಮ್ ಹಾಕುತ್ತದೆ ಸಾರ್’ ಎಂದಳು. ಸಿಸ್ಟಮ್ ನೋಡಿಕೊಳ್ಳುವವನು, ತಾನು ಅಂಕಿ ಹಾಕುವವನಲ್ಲ, ನರ್ಸಿಂಗ್ ಸ್ಟೇಷನ್ನಿನಿಂದ ಬಂದದ್ದು ಎಂದ. ಅಲ್ಲಿನ ನರ್ಸಮ್ಮ ಡಾಕ್ಟರು ಬರೆದದ್ದನ್ನು ಎತ್ತಿಕೊಟ್ಟೆ ಎಂದಳು. ಡಾಕ್ಟರು ಅತ್ಯಂತ ಸಜ್ಜನಿಕೆಯಿಂದ, ದುಡ್ಡಿನ ವಿಷಯ ನನಗೆ ಗೊತ್ತಿಲ್ಲ, ಬಿಲ್ಲಿಂಗಿಗೆ ಹೋಗಿ ಎಂದು ಕೌಂಟರಿನತ್ತ ಬೆರಳು ತೋರಿದರು. ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸೊಳ್ಳೆಯ ಲೆಕ್ಕದಲ್ಲಿ ರಾಸ್ ಇದ್ದ. ಬಂಡೆಯ ಮೇಲೆ ಜಿನವಲ್ಲಭನ ಹೆಸರಿದೆ. ಇಲ್ಲಿ ಕರ್ತೃವೇ ಇಲ್ಲ. ವೇದವನ್ನು ಬಿಟ್ಟರೆ ಅಪೌರುಷೇಯವೆಂದು ಧೈರ್ಯವಾಗಿ ಹೇಳಬಹುದಾದ ಗ್ರಂಥ ಇದೊಂದೇ. ಮೀಮಾಂಸಕರ ಮತದಂತೆ ಅಪೌರುಷೇಯವಾದದ್ದರಲ್ಲಿ ದೋಷವಿರಲು ಸಾಧ್ಯವಿಲ್ಲ. ಆ ಬಿಲ್ಲಿನ ಮೇಲೆ ಸಲ್ಲಿಸಿದ್ದ ಮೇಲ್ಮನವಿ ತಿರಸ್ಕೃತವಾದ ಪತ್ರದ ತಾತ್ಪರ್ಯವೂ ಅದೇ ಆಗಿತ್ತು.

ಅನುಬಂಧ: ಪೈಸೆಗಳ ಕುರಿತು

ಸ್ಪುಟ್ನಿಕ್ ಲಸಿಕೆಯ ಬೆಲೆ 948, ಶೇಕಡಾ 5ರ ತೆರಿಗೆ 47 ರೂಪಾಯಿ 40 ಪೈಸೆ, ಸೇವಾಶುಲ್ಕ 150. ಕೂಡಿದರೆ 1145 ರೂಪಾಯಿ 40 ಪೈಸೆ. ಸರಕಾರದ ಪಟ್ಟಿಯಲ್ಲಿ 1145 ಎಂದಿದೆ. ನಮಗೆ ಸಿಕ್ಕ ಸಮಸ್ತ ವಾಙ್ಮಯದಲ್ಲಿ, ಯಾರೂ ಅರ್ಜಿ ಹಾಕದೆ, ಯಾರ ಕಾಲೂ ಹಿಡಿಯದೆ ಮನ್ನಾ ಆದ ಹಣ ಈ 40 ಪೈಸೆ ಒಂದೇ.

2022ರ ಏಪ್ರಿಲ್ ನಂತರದ ಪಾಠದಲ್ಲಿ ಲಸಿಕೆ 225, ತೆರಿಗೆ 11 ರೂಪಾಯಿ 25 ಪೈಸೆ, ಸೇವಾಶುಲ್ಕ ಅದೇ 150. ಒಟ್ಟು 386 ರೂಪಾಯಿ 25 ಪೈಸೆ. ನಾಲ್ಕಾಣೆಯ ನಾಣ್ಯವನ್ನು ಕೇಂದ್ರ ಸರಕಾರ 2011ರ ಜೂನ್ 30ಕ್ಕೇ ಚಲಾವಣೆಯಿಂದ ತೆಗೆದಿದೆ. ಇಲ್ಲದ ನಾಣ್ಯವನ್ನು ಕೊಡುವುದೆಂತು, ಕೊಡದೆ ರಸೀದಿ ಪಡೆಯುವುದೆಂತು ಎಂದು ಸಂಪಾದಕನು ಲಿಖಿತವಾಗಿ ವಿಚಾರಿಸಿದನು. ಕೌಂಟರಿನವಳು ಕನ್ನಡಕದ ಮೇಲಿಂದ ಒಮ್ಮೆ ನೋಡಿ 390 ತೆಗೆದುಕೊಂಡಳು. ಚಿಲ್ಲರೆಗೆ ಮೂರು ಚಾಕೊಲೇಟು ಕೊಟ್ಟಳು. ಅವಕ್ಕೆ ರಸೀದಿ ಕೇಳಲಾಗಿದೆ. ಉತ್ತರ ಬಂದ ಕೂಡಲೇ ಎರಡನೆಯ ಸಂಪುಟದಲ್ಲಿ ಸೇರಿಸಲಾಗುವುದು.