ಗುಡ್ಡ ಕಡಿದವರಿಗೆ ಗುತ್ತಿಗೆ, ಜಲಪಾತ ನೋಡುವವರಿಗೆ ಚೀಟಿ

ಕುದುರೆಮುಖದ ಕಾಡಿನಲ್ಲಿ ಕಾನೂನು ಬಹಳ ಚುರುಕು. ಕಾರ್ಕಳದಿಂದ ಮಾಳ ಘಾಟಿ ಹತ್ತಿದವರ ಕೈಗೆ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಬರುತ್ತದೆ. ಇಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು, ಎಲ್ಲೆಂದರಲ್ಲಿ ಇಳಿಯಬಾರದು, ಒಲೆ ಹೂಡಬಾರದು. ಕಡಾಂಬಿ ಜಲಪಾತವೇನೋ ಧಾರಾಳಿ, ರಸ್ತೆಯ ಅಂಚಿಗೇ ಬಂದು ಸುರಿಯುತ್ತದೆ. ನೋಡುವವನ ಒಂದು ಕಣ್ಣು ಮಾತ್ರ ಗಡಿಯಾರದ ಮೇಲಿರಬೇಕು. ಹನುಮನಗುಂಡಿಯಲ್ಲಿ ಹಾಗಲ್ಲ, ಅಲ್ಲಿ ಟಿಕೆಟ್ ಕೊಂಡು, ಮೆಟ್ಟಿಲಿಳಿದು, ಕ್ರಮಬದ್ಧವಾಗಿ ಪುಳಕಗೊಳ್ಳಬಹುದು.

ಈ ಶಿಸ್ತು ಬೇಕಾದದ್ದೇ, ಬಿಡಿ. ಚಿಪ್ಸ್ ಪೊಟ್ಟಣವನ್ನು ಜಲಪಾತಕ್ಕೆ ನೈವೇದ್ಯ ಮಾಡಿ ಬರುವ ನಮ್ಮ ಜನಕ್ಕೆ ಇನ್ನೂ ಎರಡು ಗೇಟು ಹಾಕಿದರೂ ತಪ್ಪಿಲ್ಲ. ಆದರೆ ಇದೇ ದಾರಿಯಲ್ಲಿ ಇನ್ನೊಬ್ಬರಿಗೆ ಕೊಟ್ಟ ಚೀಟಿಯನ್ನೂ ಸ್ವಲ್ಪ ನೋಡೋಣ.

ಅದು 1969ರದ್ದು, ಮೂವತ್ತು ವರ್ಷದ ಗಣಿ ಗುತ್ತಿಗೆ. ಇರಾನಿನ ಷಾ ‘ಸಾಲವನ್ನೂ ಕೊಡುತ್ತೇನೆ, ಅದಿರನ್ನೂ ಕೊಳ್ಳುತ್ತೇನೆ’ ಎಂದ ಮೇಲೆ 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. 1979ರಲ್ಲಿ ಷಾನೇ ದೇಶ ಬಿಟ್ಟ. ಗಿರಾಕಿ ಓಡಿಹೋದನೆಂದು ಅಂಗಡಿ ಮುಚ್ಚುವುದುಂಟೆ? ಗುಡ್ಡ ಕಡಿದು, ಅರೆದು, ನೀರಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಬಂದರಿಗೆ ಹರಿಸಿದರು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವೂ ಆಯಿತು. ಒಂದು ಕಡೆ ಹುಲಿ, ಸಿಂಗಳೀಕಗಳ ರಕ್ಷಣೆ; ಮಗ್ಗುಲಲ್ಲೇ ಸಿಡಿಮದ್ದು. ಸದ್ದು ಜಾಸ್ತಿಯಾಯಿತೆಂದು ಸಿಂಗಳೀಕಗಳು ಲಿಖಿತ ದೂರು ಕೊಡಲಿಲ್ಲವಾದ್ದರಿಂದ ಕಡತ ಶಾಂತವಾಗಿತ್ತು.

1999ರಲ್ಲಿ ಚೀಟಿಯ ಅವಧಿ ಮುಗಿಯಿತು. ಗಣಿ ಮುಗಿಯಲಿಲ್ಲ, ತಾತ್ಕಾಲಿಕ ಅನುಮತಿ ಬಂತು. 2002ರಲ್ಲಿ ಸುಪ್ರೀಂ ಕೋರ್ಟು ಸಾಕು ಎಂದಿತು. ಸಾಕು ಎಂದ ಮೇಲೂ 2005ರ ಕೊನೆಯ ತನಕ ಕಾಲಾವಕಾಶ. ಅವಧಿ ಮೀರಿ ಆರು ವರ್ಷಕ್ಕೂ ಮೇಲೆ! ಕಡಾಂಬಿಯ ಎದುರು ಆರು ನಿಮಿಷ ಹೆಚ್ಚು ನಿಂತು ಗೇಟಿನಲ್ಲಿ ತಡವರಿಸುವವರು ಈ ಲೆಕ್ಕವನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಜಲಪಾತ ಮುಗಿಸಿದವರು ಮುಂದೆ ಕೇಳುವುದು ಲಕ್ಯಾ ಅಣೆಕಟ್ಟಿನ ದಾರಿ. ನೂರು ಮೀಟರ್ ಎತ್ತರದ ಈ ಕಟ್ಟೆ ಯಾವ ಗದ್ದೆಗೆ ನೀರುಣಿಸಲೂ ಹುಟ್ಟಿದ್ದಲ್ಲ. ಇಲ್ಲಿಯ ಅದಿರು ಬಡಕಲು; ನೂರಕ್ಕೆ ನಲವತ್ತು ಪಾಲು ಕಬ್ಬಿಣವೂ ಅದರಲ್ಲಿಲ್ಲ. ಕಬ್ಬಿಣ ತೆಗೆದು ಉಳಿದ ಕೆಸರು ಭದ್ರೆಗೆ ಇಳಿಯದಿರಲಿ ಎಂದು ಕಟ್ಟಿದ್ದು. ಆದರೂ ಗಣಿಯ ಹೂಳು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಲೇ ಇತ್ತು, ಕೋರ್ಟಿನ ತನಕ ಹೋದ ಜಗಳದಲ್ಲಿ ಅದೂ ಒಂದು. ಈಗ ಕಟ್ಟೆಯ ಹಿಂದೆ ನೀರು ನಿಂತು, ಸುತ್ತ ಹಸಿರು ಬೆಳೆದು, ಮೇಲೆ ಮಂಜು ಇಳಿದರೆ ಅದರ ಅಂದ ಹೇಳತೀರದು. ನಮ್ಮವರು ಕೈ ಚಾಚಿ ನಿಂತು, ಮನುಷ್ಯನ ಕೈ ಸೋಕದ ನಿಸರ್ಗ ಎಂದು ಬರೆದು ಫೋಟೋ ಹಾಕುತ್ತಾರೆ. ಅವರ ಬೆನ್ನ ಹಿಂದೆ ಇಡೀ ಗುಡ್ಡ ಹಿಟ್ಟಾಗಿ ಮಲಗಿದೆ.

ಇನ್ನು ಈ ಕಾಡಿನಲ್ಲೇ ತಲೆತಲಾಂತರದಿಂದ ಇರುವ ಮಲೆಕುಡಿಯರು. ಕಾಡು ಉಳಿಯಬೇಕಾದರೆ ಇವರು ಹೊರಡಬೇಕಂತೆ, ಅದೂ ಸ್ವಯಂಪ್ರೇರಣೆಯಿಂದ. ಆ ಪ್ರೇರಣೆಯನ್ನೂ ಸರ್ಕಾರವೇ ಒದಗಿಸುತ್ತದೆ. ಪಾಪ, ಅವರು ಕತ್ತಿ ಹಿಡಿದು ಸೊಪ್ಪು ಕಡಿದರು. ಗುಡ್ಡ ಕಡಿಯುವಷ್ಟು ದೊಡ್ಡ ಕತ್ತಿ ಇದ್ದಿದ್ದರೆ ಮೂವತ್ತು ವರ್ಷದ ಗುತ್ತಿಗೆಯೇ ಸಿಗುತ್ತಿತ್ತು.