ಸೋದರಮಾವನ ಕೆಳಗೆ ಹನ್ನೆರಡು ವೋಲ್ಟು

ನಮ್ಮ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಅದರ ಗೇಟಿನ ಮುಂದೆ ದಿನಾ ಓಡಾಡುತ್ತಿದ್ದರೆ ಎಂಜಿನಿಯರಿಂಗ್ ಗಾಳಿಯಲ್ಲೇ ಮೈಗೆ ಹತ್ತುತ್ತದೆಂದು ನಂಬಿದವನು ನಾನು. ಆ ಧೈರ್ಯದ ಮೇಲೆ ಹಳೆಯ ಪೆಟ್ರೋಲ್ ಜೀಪೊಂದನ್ನು ಕೊಂಡು, ಬಿಚ್ಚಿ, ಅಂಗಳದ ತುಂಬ ಹರವಿ ಕೂತೆ.

"ಜೋಡಸಾಕ ಬರ್ತದೇನು?" ಎಂದಳು ಹೆಂಡತಿ.

"ಬಿಚ್ಚಾಕ ಬಂತಲ್ಲ?" ಎಂದೆ.

ಎರಡನೇ ಮಹಾಯುದ್ಧದ ವಿಲೀಸ್ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರನ ಸೀಟಿನ ಕೆಳಗೇ ಇತ್ತು. ನನ್ನ ಜೀಪೂ ಅದೇ ವಂಶದ್ದು. ಆದರೆ ಆ ಅಮೆರಿಕದವರು ಬ್ಯಾಟರಿಯನ್ನು ಮಾತ್ರ ದೂರ, ಬಾನೆಟ್ಟಿನೊಳಗೆ ಇಟ್ಟಿದ್ದರು. ಯಾಕೆ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ತೂಕ ಕೆಳಗಿದ್ದರೆ ಗುಡ್ಡದಲ್ಲಿ ಗಾಡಿ ಮಗುಚುವುದಿಲ್ಲ ಎಂದು ಎಲ್ಲೋ ಕೇಳಿದ್ದೆ. (ಮಗುಚುವಷ್ಟು ದೊಡ್ಡ ಗುಡ್ಡ ನಾನು ಹತ್ತಿದ್ದು ಇವತ್ತಿಗೂ ಇಲ್ಲ.) ಬ್ಯಾಟರಿಯನ್ನು ತಂದು ಪಕ್ಕದ ಸೀಟಿನ ಕೆಳಗೆ ಕೂಡಿಸಿದೆ. ನನ್ನ ಕೆಳಗೆ ಪೆಟ್ರೋಲು, ಪಕ್ಕದವರ ಕೆಳಗೆ ಕಿಡಿ. ಹಸೆಮಣೆಯ ಮೇಲಿನ ಮದುಮಕ್ಕಳ ಹಾಗೆ ಎರಡೂ ಅಕ್ಕಪಕ್ಕ. ಸಾಲದ್ದಕ್ಕೆ ಬ್ಯಾಟರಿಯ ದಪ್ಪ ವೈರನ್ನೂ ಪೆಟ್ರೋಲಿನ ರಬ್ಬರ್ ಪೈಪನ್ನೂ ಒಂದೇ ತೂತಿನಿಂದ ತೂರಿಸಿ, ನೀಟಾಗಿ ಕಾಣಲೆಂದು ಗೇಣಿಗೊಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದೆ. ಮಂಗಳಸೂತ್ರ ಕಟ್ಟಿದ ಪುಣ್ಯವೂ ನನ್ನದೇ.

ಮೊದಲ ಸವಾರಿ ಉತ್ತರಕ್ಕೆ, ನಾರಾಯಣಖೇಡಕ್ಕೆ. ದಾರಿಯುದ್ದಕ್ಕೂ ಘಮಘಮ. ಹೊಸ ಪೇಂಟಿನ ವಾಸನೆ ಅಂತ ಹೆಮ್ಮೆಪಟ್ಟೆ. ಚಹಾದಂಗಡಿಯ ಮುಂದೆ ನಿಲ್ಲಿಸಿದಾಗ ಬೀಡಿ ಸೇದುತ್ತಿದ್ದ ಅಜ್ಜನೊಬ್ಬ ಹತ್ತಿರ ಬಂದು, ಮೂಗೇರಿಸಿ, ಒಂದು ಮಾತೂ ಆಡದೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ರಸ್ತೆಯಾಚೆ ಹೋಗಿ ನಿಂತ. ಆಗ ಬಗ್ಗಿ ನೋಡಿದೆ. ತಗಡಿನ ತೂತಿನ ಅಂಚು ಪೈಪನ್ನು ಉಜ್ಜಿ ಉಜ್ಜಿ ಸೀಳಿತ್ತು. ತೊಟ್ಟು ತೊಟ್ಟು ಪೆಟ್ರೋಲು ಕೆಳಗಿನ ಕರಿಮಣ್ಣಿಗೆ ಇಳಿಯುತ್ತಿತ್ತು. ತೂತಿಗೆ ಎಂಟಾಣೆ ಅಗಲದ ರಬ್ಬರ್ ಬಳೆ ಹಾಕಿದ್ದರೆ ಸಾಕಿತ್ತು. ಸೀಳಿದ ತುಂಡನ್ನು ಕತ್ತರಿಸಿ, ಕ್ಲಿಪ್ ಬಿಗಿದು, ಮನೆಗೆ ಬಂದು ಹೆಂಡತಿಗೆ "ಸವಾರಿ ಮಸ್ತ್ ಆತು" ಎಂದೆ.

ಎರಡನೆಯದು ದಕ್ಷಿಣಕ್ಕೆ, ತಾಂಡೂರಿಗೆ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಟ್ಯಾಗ್ ಬಂದಾಗಿನಿಂದ ನಮ್ಮ ಸೋದರಮಾವ ಬೇರೆ ಬೇಳೆಯ ಸಾರು ಉಣ್ಣುವುದಿಲ್ಲ. ಅವರೂ ಹೊರಟರು. ಮಾವನ ತೂಕ ಕ್ವಿಂಟಲಿಗೆ ಸ್ವಲ್ಪ ಮೇಲೆ. ಬ್ಯಾಟರಿಗೂ ಸೀಟಿನ ಸ್ಪ್ರಿಂಗಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದೆ, ಅಳೆದೇ ಬಿಟ್ಟಿದ್ದೆ. ಅಳೆದದ್ದು ಖಾಲಿ ಸೀಟಿನಲ್ಲಿ.

ಫರಸಿ ಕಲ್ಲಿನ ಲಾರಿಗಳು ಅಗೆದಿಟ್ಟ ಗುಂಡಿಯೊಂದರಲ್ಲಿ ಜೀಪು ಇಳಿದೆದ್ದಿತು. ಮಾವ ಮೇಲಕ್ಕೆ ಹೋಗಿ ಕೆಳಕ್ಕೆ ಬಂದರು. ಸ್ಪ್ರಿಂಗು ಬ್ಯಾಟರಿಯ ಪ್ಲಸ್ ತಲೆಯನ್ನು ಮುಟ್ಟಿತು. ಸ್ಪ್ರಿಂಗಿನಿಂದ ಸೀಟಿನ ಫ್ರೇಮು, ಫ್ರೇಮಿನಿಂದ ಬಾಡಿ, ಬಾಡಿಯಿಂದ ಮೈನಸ್ಸು: ಸರ್ಕೀಟು ಪೂರ್ತಿಯಾಯಿತು.

"ಏ ತಮ್ಮಾ, ಸೀಟ್ ಬೆಚ್ಚಗ ಮಾಡೂ ಮಷೀನೂ ಹಾಕೀ ಏನು?" ಎಂದರು ಮಾವ ಸಂತೋಷದಿಂದ. ಮರುಕ್ಷಣ, ಹದಿನೆಂಟರ ಹುಡುಗನೂ ನಾಚುವಂತೆ ಹೊರಗೆ ಹಾರಿದರು. ಹಾರಿದ್ದರಿಂದ ಸ್ಪ್ರಿಂಗು ತಾನೇ ಮೇಲೆದ್ದು ಕರೆಂಟು ಕಡಿಯಿತು. ನಮ್ಮಿಬ್ಬರನ್ನೂ ಉಳಿಸಿದ್ದು ಮಾವನ ಆ ಜಿಗಿತವೇ. ನಾನು ಸೀಟು ಕಿತ್ತೆಸೆದೆ. ಕೆಂಪಗೆ ಕಾದ ಸ್ಪ್ರಿಂಗಿನ ಸುತ್ತ ಫೋಮು ಕರಿಹೊಗೆ ಉಗುಳುತ್ತಿತ್ತು. ಪಕ್ಕದ ಪಾಲಿಶ್ ಘಟಕದ ಹುಡುಗ ಒಂದು ಬುಟ್ಟಿ ಕಲ್ಲಿನ ಪುಡಿ ತಂದು ಸುರಿದ. ಅರ್ಧ ಸೀಟಿನ ಮೇಲೆ ಬಿತ್ತು, ಅರ್ಧ ನನ್ನ ಮೇಲೆ.

ಜೀಪನ್ನು ಎಳೆದು ತಂದು ಮಿಸ್ತ್ರಿ ಚಾಚಾನ ಮುಂದೆ ನಿಲ್ಲಿಸಿದೆವು. ಆತ ಹತ್ತು ನಂಬರ್ ಪಾನಾ ತೆಗೆದು ಮೊದಲು ಮೈನಸ್ ಬಿಚ್ಚಿದ. ನಾನು ಸದಾ ಪ್ಲಸ್ಸನ್ನೇ ಮೊದಲು ಬಿಚ್ಚುತ್ತಿದ್ದವನು. ಹಾಗೆ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ಮಾವನ ಸ್ಪ್ರಿಂಗಿನ ಕಥೆಯೇ ನನ್ನ ಕೈಯಲ್ಲಿ ನಡೆಯುತ್ತದಂತೆ. ಬಳಿಕ ಟ್ಯಾಗ್ ಬಿಗಿದ ಜೋಡಿಯನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ.

"ಸಾಬ್, ಇವು ಸವತೇರಿದ್ದಂಗ. ಒಂದ ಮನ್ಯಾಗ ಇಡ್ತಾರೇನ್ರೀ?"

ಬ್ಯಾಟರಿ ಬಾನೆಟ್ಟಿನೊಳಗಿನ ತನ್ನ ತವರಿಗೆ ಮರಳಿತು. ಅಲುಗದಂತೆ ಮೇಲೊಂದು ಪಟ್ಟಿ, ಪ್ಲಸ್ಸಿಗೆ ರಬ್ಬರ್ ಟೋಪಿ, ಅದರಿಂದ ಗೇಣಿನೊಳಗೆ ಫ್ಯೂಸು. ಪೆಟ್ರೋಲಿಗೆ ಲೋಹದ ಪೈಪು, ಕೀಲುಗಳಲ್ಲಿ ಮಾತ್ರ ರಬ್ಬರು. ಅದೂ ಸೈಲೆನ್ಸರ್ ಇಲ್ಲದ ಬದಿಯಲ್ಲಿ. ವೈರು ಇನ್ನೊಂದು ಬದಿಗೆ. ಕೆಲಸ ಒಂದು ಮಧ್ಯಾಹ್ನದ್ದು. ನನ್ನದು ಎಂಟು ತಿಂಗಳು ಹಿಡಿದಿತ್ತು.

ಮಾವ ಈಗ ತಾಂಡೂರಿಗೆ ಬಸ್ಸಿನಲ್ಲೇ ಹೋಗುತ್ತಾರೆ. ಹತ್ತಿದ ಕೂಡಲೇ ಸೀಟಿನ ರೆಕ್ಸಿನ್ ಹಿಡಿದು ಎತ್ತಿ, ಬಗ್ಗಿ ಕೆಳಗೆ ನೋಡುತ್ತಾರೆ. "ಏಂ ಪೋಯಿಂದಿ ತಾತಾ?" ಎಂದು ಕಂಡಕ್ಟರ್ ಕೇಳಿದರೆ, "ಏನೂ ಕಳದಿಲ್ಲಪಾ, ನಮ್ಮ ಅಳಿಯ ಏನರ ಇಟ್ಟಾನೇನು ನೋಡಾಕ್ಹತ್ತೀನಿ" ಎನ್ನುತ್ತಾರಂತೆ.